ಬಾರದ ಹೊಳೆಗೊಂದು ಸಂಕ

ನಮ್ಮೂರಲ್ಲಿ ಸಂಕ ಅಂದರೆ ಎರಡು ತೆಂಗಿನ ಬೊಡ್ಡೆ,
ಹಿಡಿಯಲು ಒಂದು ಬಿದಿರು,
ಜಾರಿದರೆ ಅವರವರ ಹಣೆಬರಹ.
ಇಲ್ಲಿ ಮಸ್ಕತ್ತಿನಲ್ಲಿ ಅದಕ್ಕೆ ನಲವತ್ತೇಳು ನಕ್ಷೆ,
ಆರು ಸಹಿ, ಮುನಿಸಿಪಾಲಿಟಿಯ ಹಸಿರು ಮೊಹರು.
ಹೊಳೆ ಮಾತ್ರ ಇಲ್ಲ.

ಇದೆ ಅನ್ನುತ್ತಾರೆ. ವಾದಿ ಅನ್ನುತ್ತಾರೆ ಅದಕ್ಕೆ.
ವರ್ಷಕ್ಕೊಂದು ದಿನ ಹರಿಯುತ್ತದಂತೆ, ಕೆಲವು ವರ್ಷ ಅದೂ ಇಲ್ಲ.
ನಾನು ಕಂಡದ್ದು ಬೆಣಚುಕಲ್ಲು, ಹರಿದ ಟಯರು,
ರಟ್ಟಿನ ಪೆಟ್ಟಿಗೆ ಮೇಯುವ ಒಂದು ಆಡು.
ಆದರೂ ನಕ್ಷೆಯಲ್ಲಿ ತಲೆಕೆಳಗಾದ ಪುಟ್ಟ ತ್ರಿಕೋನ ಬರೆದು
ಅಡಿಗೆ ಮೂರು ಗೆರೆ ಎಳೆದೆ: ನೀರಿನ ಮಟ್ಟ.
ಇಪ್ಪತ್ತು ವರ್ಷದಿಂದ ಬರೆಯುತ್ತಿದ್ದೇನೆ,
ಇಷ್ಟು ಒಣಗಿದ ತ್ರಿಕೋನ ಇದೇ ಮೊದಲು.

ಲೆಕ್ಕ ಭಟ್ಕಳದ ಜುಲೇಖಾ ಮೇಡಮ್ಮಿನದು.
ನೂರು ವರ್ಷಕ್ಕೊಮ್ಮೆ ಬರುವ ನೆರೆಯನ್ನು
ಮೂರೇ ದಿನದಲ್ಲಿ ಪರದೆಗೆ ತಂದಿದ್ದರು,
ನೀಲಿ ಬಣ್ಣದಲ್ಲಿ, ದಶಾಂಶದ ಸಮೇತ.

ಸರ್ವೆಯ ದಿನ ಖಲ್ಫಾನ್ ಅಜ್ಜ ಖಹ್ವಾದ ಫ್ಲಾಸ್ಕು ಹಿಡಿದು ಬಂದ.
ತೋಟದ ಗೋಡೆಯಲ್ಲಿ ಮೊಳೆಯಿಂದ ಗೀಚಿದ ಗೆರೆ ತೋರಿಸಿದ:
ಚಂಡಮಾರುತದ ವರ್ಷ ಇಲ್ಲಿಗೆ ಬಂದಿತ್ತು.
ನನ್ನ ಪಿಕಪ್ಪು, ಹನ್ನೊಂದು ಆಡು, ನೆರೆಮನೆಯ ಬಾಗಿಲು.
ಬಾಗಿಲು ಮಾತ್ರ ಚೌಕಟ್ಟಿನ ಸಮೇತ
ನೆಟ್ಟಗೆ ನಿಂತುಕೊಂಡೇ ಹೋಯಿತು,
ಯಾರೋ ಒಳಗೆ ಬರುವವರಿದ್ದ ಹಾಗೆ.

ಟೇಪು ಹಿಡಿದೆ. ಮೇಡಮ್ಮಿನ ನೀಲಿಗಿಂತ
ಮೊಳೆಯ ಗೆರೆ ನಲವತ್ತೆರಡು ಸೆಂಟಿಮೀಟರು ಮೇಲೆ.
ಕಂಟ್ರಾಕ್ಟರ್ ಬಿಜೋಯ್ ನಕ್ಕ:
ಕಂಪ್ಯೂಟರು ದೊಡ್ಡದೋ, ಮೊಳೆ ದೊಡ್ಡದೋ?
ಅವರು ಉತ್ತರ ಕೊಡಲಿಲ್ಲ. ಮರುದಿನ
ನನ್ನ ಮೇಜಿನ ಮೇಲೆ ಒಂದು ಹಳದಿ ಚೀಟಿ:
ಎತ್ತರಿಸಿ.

ಎತ್ತರಿಸುವುದು ಸುಲಭವಲ್ಲ.
ಒಂದು ಅಡಿ ಮೇಲೇರಲು ಹನ್ನೆರಡು ಅಡಿ ನಡೆಯಬೇಕು,
ಗಾಲಿಕುರ್ಚಿಯ ನಿಯಮ ಅದು.
ಇಳಿಜಾರು ಐದು ಮೀಟರು ಮುಂದೆ ಚಾಚಿ
ಸೀದಾ ಹೋಗಿ ನಿಂತದ್ದು ಬೋರೆಮರದ ಬುಡಕ್ಕೆ.
ಖಲ್ಫಾನ್ ಅಜ್ಜನದೇ ಮರ.
ಕೆಂಪು ಗೂಟ ನೋಡಿದ. ಮಾತಾಡಲಿಲ್ಲ.
ಫ್ಲಾಸ್ಕಿನ ಮುಚ್ಚಳವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸಿದ.

ಹದಿನೈದು ನಕ್ಷೆ ಮತ್ತೆ ಬರೆದೆ. ಬಿಜೋಯ್ ಬೈದ.
ಇಳಿಜಾರಿಗೆ ಮೊಣಕೈ ಬಂತು,
ಮರವನ್ನು ಬಳಸಿ ಹೋಯಿತು.

ಜುಲೈಯಲ್ಲಿ ಕಾಂಕ್ರೀಟು ರಾತ್ರಿ ಎರಡಕ್ಕೆ.
ಹಗಲಲ್ಲಿ ಅದು ಮಿಕ್ಸರಿನಲ್ಲೇ ಗಟ್ಟಿಯಾಗುತ್ತದೆ,
ಅದಕ್ಕೇ ನೀರಿನ ಜಾಗದಲ್ಲಿ ಐಸಿನ ಚೂರು.
ಯಾದಗಿರಿಯ ಸಾಬಣ್ಣ ಒಂದು ಚೂರು ತಗೊಂಡು
ಕತ್ತಿಗೆ ಒತ್ತಿಕೊಂಡ:
ನೀರಿಲ್ಲದ ಹೊಳೀಗೆ ಐಸಿನ ಸಂಕ ಏನ್ರೀ ಸರ!
ಮಿಂಟು ಮಿಯಾಗೆ ಕನ್ನಡ ಬಾರದು,
ಆದರೂ ಎಲ್ಲರಿಗಿಂತ ಜೋರಾಗಿ ನಕ್ಕ.

ಐದು ವರ್ಷವಾಯಿತು. ಹೊಳೆ ಬಂದಿಲ್ಲ.
ಕೆಳಗೆ ಹುಡುಗರು ಫುಟ್‌ಬಾಲ್ ಆಡುತ್ತಾರೆ,
ಕಂಬವೇ ಗೋಲು.
ಹತ್ತುವವರು ಬೈಯುತ್ತಾರೆ: ಯಾವನು ಇಷ್ಟು ಎತ್ತರ ಮಾಡಿದ್ದು?
ಪಕ್ಕದಲ್ಲೇ ಹತ್ತುವ ನಾನು ಹೌದು ಹೌದು ಅನ್ನುತ್ತೇನೆ.
ಆಮೇಲೆ ಮೊಣಕೈಯಲ್ಲಿ, ಬೋರೆಯ ನೆರಳಲ್ಲಿ,
ಚೀಲ ಕೆಳಗಿಟ್ಟು ಫೋನು ತೆಗೆಯುತ್ತಾರೆ
ರಾತ್ರಿಪಾಳಿ ಮುಗಿಸಿದ ನರ್ಸು, ಮನೆಗೆಲಸದ ಹೆಂಗಸರು.
ಯಾವ ಯಾವುದೋ ಭಾಷೆಯಲ್ಲಿ
ಊಟ ಆಯ್ತಾ ಅಂತ ಕೇಳುತ್ತಾರೆ.

ಅಜ್ಜನ ತೋಟ ಮಾರಿಹೋಯಿತು. ಗೋಡೆ ಬಿದ್ದ ಜಾಗದಲ್ಲಿ
ಕಾರಿನ ಶೋರೂಮು, ಹೊಳೆಯುವ ಗಾಜು.
ಮೊಳೆಯ ಗೆರೆ ಈಗ ಎಲ್ಲಿದೆ ಅಂದರೆ
ಸಂಕದ ಎತ್ತರದಲ್ಲಿದೆ, ಮತ್ತೆ
ಹತ್ತೊಂಬತ್ತನೇ ನಕ್ಷೆಯ ನನ್ನ ತ್ರಿಕೋನದಲ್ಲಿ.

ಮರ ಮಾತ್ರ ಪ್ರತಿ ಚಳಿಗಾಲ ಹಣ್ಣು ಉದುರಿಸಿ
ಮೊಣಕೈ ಜಾರುವಂತೆ ಮಾಡುತ್ತದೆ.
ಕಂಬಿ ಹಿಡಿದು ನಡೆಯಿರಿ ಅಂತ
ಮುನಿಸಿಪಾಲಿಟಿ ಮೂರು ಭಾಷೆಯಲ್ಲಿ ಬೋರ್ಡು ಹಾಕಿದೆ.
ಹಿಡಿಯುತ್ತೇನೆ.